ಪಾಳು ನೆಲಕ್ಕೆ ಹೊರಟವರಿಗೆ ನಾಲ್ಕು ಮಾತು

(ಅಂತಿಮ ಬಿ.ಎ.)

ಆಟವೆಂದರೆ ಕಾಲಹರಣ ಎಂಬುದು ನಮ್ಮ ಹಿರಿಯರ ತೀರ್ಪು. ಅದರಲ್ಲಿಯೂ ಕಂಪ್ಯೂಟರಿನ ಆಟವೆಂದರೆ ಕಣ್ಣಿಗೆ ಕೇಡು, ಓದಿಗೆ ಕೇಡು, ಕರೆಂಟಿನ ಬಿಲ್ಲಿಗಂತೂ ಹೇಳತೀರದ ಕೇಡು. ಈ ತೀರ್ಪಿನ ಮೇಲೆ ಅಪೀಲು ಹೋಗುವುದು ನನ್ನ ಉದ್ದೇಶವಲ್ಲ. ನಮ್ಮ ಸಂಚಿಕೆಗೆಂದು ಗೆಳೆಯರಲ್ಲಿ ಒಬ್ಬರು ಪ್ರವಾಸ ಕಥನವನ್ನೂ ಮತ್ತೊಬ್ಬರು ಶಿಸ್ತಿನ ಮಹತ್ತ್ವವನ್ನೂ ಇನ್ನೊಬ್ಬರು ತಾಯಿಯ ಪ್ರೀತಿಯನ್ನೂ ಮೊದಲೇ ಹಂಚಿಕೊಂಡುಬಿಟ್ಟರು. ನನ್ನ ಪಾಲಿಗೆ ಉಳಿದದ್ದು ನನಗೆ ಚೆನ್ನಾಗಿ ತಿಳಿದಿರುವ ಒಂದೇ ವಿಷಯ: ಪ್ರಳಯ ಕಳೆದ ಮೇಲಿನ ಲೋಕದಲ್ಲಿ ನಡೆಯುವ ಹಳೆಯ ಕಂಪ್ಯೂಟರ್ ಆಟಗಳು. ಅವುಗಳನ್ನು ಮೊದಲ ಸಲ ಆಡಲು ಕುಳಿತ ಸಹಪಾಠಿಗಳಿಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆಡದವರು ಇದನ್ನು ಕಥೆಯೆಂದು ಓದಿಕೊಳ್ಳಬಹುದು. ಅಧ್ಯಾಪಕರು, ಎಂದಿನಂತೆ, ಕ್ಷಮಿಸಿ ಓದಿಕೊಳ್ಳಬಹುದು.

ಈ ಜಾತಿಯ ಆಟಗಳಲ್ಲಿ ಹೆಸರಾದ ಹಿರಿಯಣ್ಣನೆಂದರೆ 1988ರಲ್ಲಿ ಬಂದ ‘ವೇಸ್ಟ್‌ಲ್ಯಾಂಡ್’. ಅದನ್ನು ತಯಾರಿಸಿದ ಅಮೆರಿಕದ ಇಂಟರ್‌ಪ್ಲೇ ಸಂಸ್ಥೆಯೇ 1997ರಲ್ಲಿ ‘ಫಾಲ್‌ಔಟ್’ ಎಂಬ ಆಟವನ್ನೂ ಮರುವರ್ಷ ಅದರ ಎರಡನೆಯ ಭಾಗವನ್ನೂ ಹೊರತಂದಿತು. ಟಿಮ್ ಕೇನ್ ಎಂಬವರು ಮೊದಲಿಗೆ ಒಬ್ಬರೇ ಕುಳಿತು ಆರಂಭಿಸಿದ ಕೆಲಸ ಅದು. ಅಣುಬಾಂಬು ಸಿಡಿದ ಮೇಲೆ ಆಕಾಶದಿಂದ ಉದುರುವ ವಿಷಧೂಳಿಗೆ ಇಂಗ್ಲಿಷಿನಲ್ಲಿ ಫಾಲ್‌ಔಟ್ ಎಂದು ಹೆಸರು. 2024ರಲ್ಲಿ ಇದೇ ಹೆಸರಿನ ಧಾರಾವಾಹಿಯೊಂದು ಬಂದ ಮೇಲೆ ನಮ್ಮ ತರಗತಿಯಲ್ಲಿಯೂ ಕೆಲವರು ‘ಆ ಆಟ ಹೇಗಿದೆ?’ ಎಂದು ಕೇಳತೊಡಗಿದರು. ಕೇಳಿದವರಲ್ಲಿ ಮೂವರು ಆರಂಭಿಸಿದರು. ಇಬ್ಬರು ಮೊದಲ ದಿನವೇ ಇಲಿಗಳ ಬಾಯಿಗೆ ಬಿದ್ದು ಕೈಬಿಟ್ಟರು. ಈ ಲೇಖನ ಆ ಇಬ್ಬರಿಗಾಗಿ.

ಕಥೆ ಇಷ್ಟು. 2077ರಲ್ಲಿ ಅಣುಯುದ್ಧ ನಡೆದು ಲೋಕವೆಲ್ಲ ಸುಟ್ಟುಹೋಗುತ್ತದೆ. ಅದಕ್ಕೆ ಮೊದಲೇ ಅಮೆರಿಕದಲ್ಲಿ ನೆಲದಡಿಯಲ್ಲಿ ಕಟ್ಟಿದ್ದ ‘ವಾಲ್ಟ್’ ಎಂಬ ಭದ್ರ ನೆಲೆಗಳಲ್ಲಿ ಕೆಲವು ಸಂಸಾರಗಳು ಉಳಿದುಕೊಳ್ಳುತ್ತವೆ. ತಲೆಮಾರುಗಳು ಉರುಳಿ 2161ನೆಯ ಇಸವಿ ಬರುತ್ತದೆ. ಕ್ಯಾಲಿಫೋರ್ನಿಯದ ಬೆಟ್ಟವೊಂದರ ಹೊಟ್ಟೆಯಲ್ಲಿರುವ 13ನೆಯ ವಾಲ್ಟಿನಲ್ಲಿ ನೀರನ್ನು ಶುದ್ಧಿಮಾಡುವ ಯಂತ್ರದ ಬಿಲ್ಲೆಯೊಂದು ಕೆಟ್ಟುನಿಲ್ಲುತ್ತದೆ. ಬದಲಿ ಬಿಲ್ಲೆ ಇಲ್ಲ. ಇರುವ ನೀರು 150 ದಿನಕ್ಕೆ ಸಾಕು. ಅಷ್ಟರೊಳಗೆ ಹೊರಗಿನ ಪಾಳು ನೆಲದಲ್ಲಿ ಹುಡುಕಿ ಬಿಲ್ಲೆ ತರಬೇಕೆಂದು ಒಬ್ಬನನ್ನು ಕಳಿಸುತ್ತಾರೆ. ಆ ಒಬ್ಬನೇ ನೀವು, ಹೆಣ್ಣಾಗಿಯೂ ಹೋಗಬಹುದು.

ಬೇರೆ ಊರಿನವರಿಗೆ ಇದು ಕಟ್ಟುಕಥೆಯಾಗಿ ಕಾಣಬಹುದು. ನಮಗೆ ಹಾಗೆ ಕಾಣುವುದು ಕಷ್ಟ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕು ತಾಲ್ಲೂಕುಗಳೂ ಹಿಂದೆ ಕೆರೆಯನ್ನು ನಂಬಿದ್ದವು, ಆಮೇಲೆ ಕೊಳವೆ ಬಾವಿಯನ್ನು ನಂಬಿದವು. ಸಾವಿರ ಅಡಿ ಕೊರೆಸಿಯೂ ಬರಿಯ ಧೂಳು ಬಂದ ಕಥೆ ಯಾರ ಮನೆಯಲ್ಲಿಲ್ಲ? ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಮಗ್ಗದ ಸದ್ದಿನ ನಡುವೆಯೇ ನನ್ನ ಓದು, ನನ್ನ ಆಟ. ಒಂದು ದಿನ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದ ಅಜ್ಜಿ ಪರದೆಯನ್ನು ನೋಡಿ ಕೇಳಿದಳು:

‘ಅದೇನ್ ಮಗಾ, ಆ ನೀಲಿ ಬಟ್ಟೆಯೋನು ಒಂದೇ ಸಮ ನಡೀತಾನೇ ಅವ್ನೆ. ಎಲ್ಲಿಗೆ?’

‘ನೀರಿಗೆ ಕಣಜ್ಜಿ.’

‘ಮೋಟ್ರು ಸುಟ್ಟೋಯ್ತಾ?’

‘ಹೂಂ, ಹಂಗೇ ಅನ್ಕೋ.’

‘ಊರ್ನೋರ್ಗೆಲ್ಲ ಬೇಕಾದ್ ನೀರ್ಗೆ ಇವ್ನೊಬ್ನೇ ಯಾಕೆ ಹೋಗ್ಬೇಕು?’

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೆರೆಗೆ ನೀರು ಬರಲೆಂದು ಮನೆಯ ಸೊಸೆಯನ್ನೇ ಆಹುತಿ ಕೊಟ್ಟ ಭಾಗೀರಥಿಯ ಕಥೆ, ‘ಕೆರೆಗೆ ಹಾರ’, ನಮ್ಮ ನಾಡಿನ ಹೆಂಗಸರ ಬಾಯಲ್ಲಿ ಉಳಿದುಬಂದಿದೆ. ಎಲ್ಲರ ನೀರಿಗಾಗಿ ಒಬ್ಬರನ್ನು ಮುಂದೆ ತಳ್ಳುವುದು ಕ್ಯಾಲಿಫೋರ್ನಿಯದ ಹೊಸ ಬುದ್ಧಿಯೇನಲ್ಲ.

ಇರಲಿ, ಇನ್ನು ಆಟಕ್ಕೆ ಬರೋಣ. ಮೊದಲನೆಯದಾಗಿ, ಇದಕ್ಕೆ ಲಕ್ಷ ರೂಪಾಯಿಯ ಯಂತ್ರ ಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ನಮ್ಮದು; ಇಂದಿನ ಆಟಗಳನ್ನು ಕಂಡರೆ ಅದಕ್ಕೆ ಜ್ವರ ಬರುತ್ತದೆ. ಆದರೆ 1997ರ ಯಂತ್ರಗಳಿಗೆಂದು ಬರೆದ ಈ ಆಟವನ್ನು ಅದು ಹೂವಿನಂತೆ ಎತ್ತಿಕೊಂಡು ಹೋಗುತ್ತದೆ. ಹಣ ಕೊಟ್ಟು ಆಟವನ್ನು ಕೊಂಡವರು ಅದನ್ನು ಮೊಬೈಲಿನಲ್ಲಿಯೂ ಆಡುವಂತೆ ಆಸಕ್ತರು ದಾರಿ ಮಾಡಿಕೊಟ್ಟಿದ್ದಾರೆ. ಎರಡನೆಯದು ಭಾಷೆ. ಆಟವೆಲ್ಲ ಇಂಗ್ಲಿಷಿನಲ್ಲಿದೆ, ಗುಂಡಿಗಿಂತ ಮಾತು ಹೆಚ್ಚು. ಕನ್ನಡ ಮಾಧ್ಯಮದಿಂದ ಬಂದ ನಾವು ಹೆದರಬೇಕಾಗಿಲ್ಲ. ಮಾತು ಮುಗಿಯಿತೆಂದು ಯಾರೂ ಪರದೆಯಿಂದ ಎದ್ದು ಹೋಗುವುದಿಲ್ಲ. ನಿಘಂಟು ತೆರೆದು ಪದ ಹುಡುಕಿ ಉತ್ತರ ಆರಿಸುವವರೆಗೆ ಎದುರಿನವನು ತಾಳ್ಮೆಯಿಂದ ಕಾಯುತ್ತಾನೆ. ಇಂಥ ಸೌಜನ್ಯ ಸಂದರ್ಶನದ ಕೋಣೆಗಳಲ್ಲಿ ಸಿಗುವುದು ಅಪರೂಪ.

ಈ ಆಟದಲ್ಲಿ ಕೈಚಳಕಕ್ಕೆ ಬೆಲೆಯಿಲ್ಲ. ಹುಲಿ-ಕುರಿ ಆಟದಂತೆ, ಚೌಕಾಬಾರದಂತೆ, ಕಾಳಗ ಬಂದಾಗ ಸರದಿಯ ಮೇಲೆ ನಡೆಯುತ್ತದೆ. ನಿಮ್ಮ ಸರದಿಯಲ್ಲಿ ನಿಮಗೆ ಇಷ್ಟು ಕ್ರಿಯೆ ಎಂದು ಲೆಕ್ಕವಿರುತ್ತದೆ. ಒಂದು ಹೆಜ್ಜೆಗೆ ಒಂದು, ಪಿಸ್ತೂಲು ಹಾರಿಸಲು ಐದು, ಗುರಿಯಿಟ್ಟು ಹಾರಿಸಲು ಆರು. ಚೀಲ ಬಿಚ್ಚಿ ನೋಡಿದರೂ ಲೆಕ್ಕದಲ್ಲಿ ಕಳೆಯುತ್ತದೆ. ಹಾಗಾಗಿ ಅವಸರದವನು ಇಲ್ಲಿ ಸೋಲುತ್ತಾನೆ. ಇಲಿಗಳ ಬಾಯಿಗೆ ಬಿದ್ದ ನನ್ನ ಗೆಳೆಯರಿಬ್ಬರೂ ಕ್ರಿಕೆಟ್ಟಿನಲ್ಲಿ ಸೊಗಸಾದ ಆಟಗಾರರು. ಅದೇ ಅವರಿಗೆ ಅಡ್ಡಿಯಾಯಿತೆಂದು ತೋರುತ್ತದೆ.

ಆಟ ಆರಂಭವಾಗುವುದಕ್ಕೆ ಮುನ್ನವೇ ಅರ್ಧ ಆಟ ಮುಗಿದಿರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ನೀವು ಯಾರೆಂಬುದನ್ನು ಮೊದಲು ನಿರ್ಣಯಿಸಬೇಕು. ಬಲ, ಗ್ರಹಿಕೆ, ತಾಳಿಕೆ, ಆಕರ್ಷಣೆ, ಬುದ್ಧಿ, ಚುರುಕು, ಅದೃಷ್ಟ ಎಂದು ಏಳು ಗುಣಗಳು. ಒಂದೊಂದಕ್ಕೂ ಒಂದರಿಂದ ಹತ್ತರವರೆಗೆ ಅಂಕ. ಎಲ್ಲರಿಗೂ ಎಲ್ಲದರಲ್ಲಿಯೂ ಐದೈದು ಕೊಟ್ಟು, ಮೇಲೆ ಐದು ಅಂಕಗಳನ್ನು ಕೈಯಲ್ಲಿಟ್ಟು, ‘ಹಂಚಿಕೋ’ ಎನ್ನುತ್ತದೆ ಆಟ. ಇನ್ನೂ ಬೇಕಾದರೆ ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕಬೇಕು. ಹೊಸಬರು ಇಲ್ಲಿ ಎಲ್ಲ ಗುಣಗಳಿಗೂ ಸಮನಾಗಿ ಹಂಚುತ್ತಾರೆ. ಅದು ನ್ಯಾಯವಾಗಿ ಕಾಣುತ್ತದೆ. ಆದರೆ ಯಾವುದಕ್ಕೂ ಸಾಲದವನೊಬ್ಬ ಹುಟ್ಟಿಕೊಳ್ಳುತ್ತಾನೆ.

ನನ್ನ ಸಲಹೆ ಹೀಗೆ: ಚುರುಕಿಗೆ ಹತ್ತು ಕೊಡಿ. ಆಗ ಒಂದು ಸರದಿಗೆ ಹತ್ತು ಕ್ರಿಯೆ ಸಿಗುತ್ತವೆ. ಪಿಸ್ತೂಲನ್ನು ಎರಡು ಸಲ ಹಾರಿಸಬಹುದು. ಚುರುಕು ಆರೇ ಇದ್ದರೆ ಎಂಟು ಕ್ರಿಯೆ. ಒಂದು ಸಲ ಹಾರಿಸಿ ಮೂರು ಹೆಜ್ಜೆ ಓಡುವುದಷ್ಟೆ. ಬುದ್ಧಿಗೆ ಏಳು ಇರಲಿ. ಒಂದೊಂದು ಮಟ್ಟ ಏರಿದಾಗಲೂ ಕಲಿಕೆಯ ಅಂಕಗಳು ಬರುವುದು ಬುದ್ಧಿಯ ಲೆಕ್ಕದಲ್ಲಿ: ಬುದ್ಧಿಯ ಇಮ್ಮಡಿಗೆ ಐದು ಕೂಡಿಸಿದಷ್ಟು. ಏಳಿದ್ದರೆ ಹತ್ತೊಂಬತ್ತು. ಬುದ್ಧಿಯನ್ನು ಮೂರಕ್ಕೆ ಇಳಿಸಿದರೆ ನಿಮ್ಮ ವೀರ ತೊದಲತೊಡಗುತ್ತಾನೆ. ಊರವರು ಮರುಕದಿಂದ ನೋಡಿ ಸುಮ್ಮನಾಗುತ್ತಾರೆ. ಗ್ರಹಿಕೆಗೆ ಆರು, ಬಲಕ್ಕೂ ಅದೃಷ್ಟಕ್ಕೂ ಐದೈದು, ತಾಳಿಕೆಗೆ ನಾಲ್ಕು, ಆಕರ್ಷಣೆಗೆ ಮೂರು. ಮೊದಲ ಭಾಗದಲ್ಲಿ ಆಕರ್ಷಣೆಯಿಂದ ಆಗುವ ಕೆಲಸ ಕಡಮೆ. ರೂಪವಿಲ್ಲದಿದ್ದರೂ ಮಾತು ಕಲಿತವನು ಬದುಕಿಕೊಳ್ಳುತ್ತಾನೆ.

ಆಮೇಲೆ ಹದಿನೆಂಟು ವಿದ್ಯೆಗಳ ಪಟ್ಟಿ ಬರುತ್ತದೆ; ಅದರಲ್ಲಿ ಮೂರನ್ನು ಮಾತ್ರ ನಿಮ್ಮವೆಂದು ಗುರುತು ಹಾಕಿಕೊಳ್ಳಬೇಕು. ಗುರುತು ಹಾಕಿದ ವಿದ್ಯೆ ಇಪ್ಪತ್ತು ಅಂಕ ಮುಂದಿನಿಂದ ಹೊರಟು ಇಮ್ಮಡಿ ವೇಗದಲ್ಲಿ ಬೆಳೆಯುತ್ತದೆ. ಸಣ್ಣ ಬಂದೂಕು, ಮಾತುಗಾರಿಕೆ, ಬೀಗ ತೆಗೆಯುವುದು, ಈ ಮೂರನ್ನು ಹಿಡಿಯಿರಿ. ದೊಡ್ಡ ಬಂದೂಕಿನ ಹೆಸರು ಕೇಳಿ ಮರುಳಾಗಬೇಡಿ; ಅವು ಕೈಗೆ ಸಿಗುವ ಹೊತ್ತಿಗೆ ಆಟ ಬಹುದೂರ ಬಂದಿರುತ್ತದೆ. ಜೂಜಿಗೆ ಗುರುತು ಹಾಕಬೇಡಿ ಎಂದು ನಾನು ಹೇಳದಿದ್ದರೂ ನಿಮ್ಮ ಮನೆಯವರು ಹೇಳುತ್ತಾರೆ. ರಿಪೇರಿ, ವಿಜ್ಞಾನ, ಪ್ರಥಮ ಚಿಕಿತ್ಸೆಗಳಿಗೆ ಆರಂಭದಲ್ಲಿ ಅಂಕ ಸುರಿಯುವುದು ದಂಡ. ಅವನ್ನು ಕಲಿಸುವ ಪುಸ್ತಕಗಳು ಅಂಗಡಿಗಳಲ್ಲಿ ಸಿಗುತ್ತವೆ, ಕೂತು ಓದಿದರೆ ವಿದ್ಯೆ ಬರುತ್ತದೆ. ಪುಸ್ತಕ ಓದಿದವನಿಗೆ ಓದಿದಷ್ಟೂ ಫಲ ಸಿಗುವ ಲೋಕ ಅದು.

ಈ ಐದು ಅಂಕಗಳ ಮುಂದೆ ಕುಳಿತಾಗಲೆಲ್ಲ ನನಗೆ ನಮ್ಮ ಅಂತಿಮ ವರ್ಷದ ತರಗತಿ ನೆನಪಾಗುತ್ತದೆ. ನಮ್ಮಲ್ಲಿ ಬಹುಮಂದಿ ಮನೆಗೆ ಮೊದಲ ಪದವೀಧರರು. ದಾರಿ ತೋರಿಸುವ ಅಣ್ಣನಿಲ್ಲ, ಅಕ್ಕನಿಲ್ಲ. ಆದ್ದರಿಂದ ಎಲ್ಲ ದಾರಿಗೂ ಒಂದೊಂದು ಅರ್ಜಿ ಹಾಕುತ್ತೇವೆ. ಬೆಳಗ್ಗೆ ಕೆ.ಎ.ಎಸ್., ಮಧ್ಯಾಹ್ನ ಬ್ಯಾಂಕು, ಸಂಜೆ ಸಬ್ ಇನ್‌ಸ್ಪೆಕ್ಟರು, ರಾತ್ರಿ ನಿದ್ದೆ ಬಾರದಿದ್ದರೆ ಬಿ.ಎಡ್. ಅಪ್ಪ ಮಗ್ಗ ನಿಲ್ಲಿಸಿ, ‘ಮುಂದೇನ್ ಮಾಡ್ತೀಯಪ್ಪಾ?’ ಎಂದು ಕೇಳಿದರೆ ಎಲ್ಲವನ್ನೂ ಒಟ್ಟಿಗೆ ಹೇಳುತ್ತೇವೆ. ಅವರಿಗೆ ಸಂತೋಷವೂ ಆಗುತ್ತದೆ, ಏನೂ ತಿಳಿಯುವುದೂ ಇಲ್ಲ. ಇರುವ ಐದು ಅಂಕವನ್ನು ಏಳು ಕಡೆ ಹರಡಿದರೆ ಏನಾಗುತ್ತದೆಂದು ಆ ಪಾಳು ನೆಲ ಮೊದಲ ಗಂಟೆಯಲ್ಲಿಯೇ ತೋರಿಸಿಕೊಡುತ್ತದೆ. ಅಲ್ಲಿಯಾದರೆ ಮತ್ತೆ ಹೊಸದಾಗಿ ಆರಂಭಿಸಬಹುದು.

ಆರಂಭಿಸುವ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು: ಆಟವನ್ನು ಆಗಾಗ ಉಳಿಸಿಕೊಳ್ಳಿ. ಅದಕ್ಕೆ ಹತ್ತು ಖಾನೆಗಳಿವೆ. ಒಂದರ ಮೇಲೊಂದು ಬರೆಯದೆ ಸರದಿಯಂತೆ ಎಲ್ಲವನ್ನೂ ಬಳಸಿ. ಸಾವು ಹೇಳಿ ಬರುವುದಿಲ್ಲ. ಕರೆಂಟೂ ಹೇಳಿ ಹೋಗುವುದಿಲ್ಲ. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಎಲ್ಲ ಮನೆಯ ಮಗ್ಗಗಳೂ ಒಟ್ಟಿಗೆ ನಿಂತು, ಇದ್ದಕ್ಕಿದ್ದಂತೆ ಕಿವಿ ಗುಂಯ್ ಎನ್ನುವಷ್ಟು ಮೌನ ಕವಿಯುತ್ತದೆ. ಆ ಮೌನದಲ್ಲಿ ಉಳಿಸಿಕೊಳ್ಳದವನ ನಿಟ್ಟುಸಿರು ಮೂರು ಮನೆಗೆ ಕೇಳಿಸುತ್ತದೆ.

ಗುಹೆಯ ಬಾಗಿಲು ತೆರೆದು ಹೊರಬಂದೊಡನೆ ಇಲಿಗಳು ಎದುರಾಗುತ್ತವೆ. ಅವು ಒಂದೊಂದಾಗಿ ಬರಲಿ, ನೀವು ನಿಂತಲ್ಲಿಯೇ ನಿಂತು ಹೊಡೆಯಿರಿ. ಗುಂಡು ಉಳಿಸಿ, ಚಾಕುವಿನಿಂದಲೇ ಮುಗಿಸಿದರೆ ಇನ್ನೂ ಒಳ್ಳೆಯದು. ಹೊರಗೆ ಬಂದ ಮೇಲೆ 15ನೆಯ ವಾಲ್ಟಿಗೆ ಹೋಗೆಂದು ನಕ್ಷೆ ಪೂರ್ವಕ್ಕೆ ಕೈ ತೋರಿಸುತ್ತದೆ. ದಾರಿಯಲ್ಲಿ ಶೇಡಿ ಸ್ಯಾಂಡ್ಸ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಅದನ್ನು ದಾಟಿ ಓಡಬೇಡಿ. ಹಳ್ಳಿಯ ಬಾಗಿಲಲ್ಲಿ ಕೈಯಲ್ಲಿ ಬಂದೂಕು ಹಿಡಿದು ನಿಲ್ಲಬೇಡಿ. ಅದನ್ನು ಕೆಳಗಿಳಿಸಿದ ಮೇಲೆ ಜನ ಮಾತನಾಡುತ್ತಾರೆ. ಎಲ್ಲರನ್ನೂ ಮಾತನಾಡಿಸಿ, ಹಗ್ಗ ಸಂಪಾದಿಸಿಕೊಳ್ಳಿ. ಹಗ್ಗವಿಲ್ಲದೆ 15ನೆಯ ವಾಲ್ಟಿನ ಒಳಕ್ಕೆ ಇಳಿಯಲಾಗುವುದಿಲ್ಲ. ಅಲ್ಲಿಯವರೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದವರ ಸಂಖ್ಯೆ ದೊಡ್ಡದು. ಇಯಾನ್ ಎಂಬ ಕಾವಲುಗಾರನೊಬ್ಬ ಅಲ್ಲಿ ಸಿಗುತ್ತಾನೆ. ನೂರು ಕೊಟ್ಟರೆ ಜೊತೆಗೆ ಬರುತ್ತಾನೆ, ಮಾತು ಬಲ್ಲವರಿಗೆ ಬಿಟ್ಟಿಯಾಗಿಯೂ ಬರುತ್ತಾನೆ. ನಂಬಿಕೆಯ ಮನುಷ್ಯ, ಆದರೆ ಕಾಳಗದಲ್ಲಿ ಅವನ ಬಂದೂಕಿಗೂ ಶತ್ರುವಿಗೂ ನಡುವೆ ಮಾತ್ರ ನೀವು ನಿಲ್ಲಬೇಡಿ. ಅವನು ನಿಮ್ಮ ಬೆನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಲೋಕದಲ್ಲಿ ಸೋಡಾ ಬಾಟಲಿಯ ಮುಚ್ಚಳವೇ ಹಣ. ಅಲ್ಲಿಯ ದನಗಳಿಗೆ ಎರಡು ತಲೆ, ವಿಕಿರಣದ ಫಲ. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅಂಥದೊಂದು ಜೋಡಿ ಬಂದರೆ ಹಲ್ಲು ಎಣಿಸುವುದಕ್ಕೇ ದಳ್ಳಾಳಿಗೆ ಒಪ್ಪತ್ತು ಬೇಕಾದೀತು. ಆ ದನಗಳಿಗೆ ಆಟ ‘ಬ್ರಾಹ್ಮಿನ್’ ಎಂದು ಹೆಸರಿಟ್ಟಿದೆ. 2008ರಲ್ಲಿ ಮೂರನೆಯ ಭಾಗ ಬಂದಾಗ, ಸಾಂಸ್ಕೃತಿಕ ಸೂಕ್ಷ್ಮತೆಗಳನ್ನು ಹೇಳಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಈ ಹೆಸರೇ ಕಾರಣವಿರಬೇಕೆಂದು ಆಗ ಜನ ಊಹಿಸಿದರು.

ಇನ್ನು ದಿನಗಳ ಲೆಕ್ಕ. ಗಡಿಯಾರ ಓಡುವುದು ಮುಖ್ಯವಾಗಿ ನಕ್ಷೆಯ ಮೇಲೆ ಊರಿಂದೂರಿಗೆ ನಡೆಯುವಾಗ ಮತ್ತು ಗಾಯ ಮಾಯಲೆಂದು ಮಲಗಿದಾಗ. ಊರೊಳಗೆ ಎಷ್ಟು ಮಾತನಾಡಿದರೂ ನಷ್ಟವಿಲ್ಲ. ಅತ್ತಿಂದಿತ್ತ ಸುಮ್ಮನೆ ತಿರುಗಿದರೆ ವಾರಗಳು ಕರಗುತ್ತವೆ. ಹಬ್ ಎಂಬ ಪೇಟೆಯಲ್ಲಿ ನೀರಿನ ವ್ಯಾಪಾರಿಗಳಿದ್ದಾರೆ. ಅವರಿಗೆ ಹಣ ಕೊಟ್ಟರೆ ನಿಮ್ಮ ವಾಲ್ಟಿಗೆ ನೀರು ಸಾಗಿಸಿ ಇನ್ನೂ ನೂರು ದಿನದ ಗಡುವು ಒದಗಿಸುತ್ತಾರೆ. ಬೇಸಗೆಯಲ್ಲಿ ಟ್ಯಾಂಕರಿನವರಿಗೆ ಫೋನು ಮಾಡಿ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ. ಆದರೆ ಎಚ್ಚರ, ನೀರಿನ ಗಾಡಿ ಹೋದ ದಾರಿ ಇತರರ ಕಣ್ಣಿಗೂ ಬೀಳುತ್ತದೆ, ಗುಟ್ಟಾಗಿದ್ದ ಮನೆ ಗುಟ್ಟಾಗಿ ಉಳಿಯುವುದಿಲ್ಲ. ಟ್ಯಾಂಕರಿನ ನೀರು ಪರಿಹಾರವಲ್ಲವೆಂಬ ಸಂಗತಿಯನ್ನು ಆಟ ಬಲ್ಲದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನೀವು ಹುಡುಕುವ ಬಿಲ್ಲೆ ಒಂದು ಊರಿನಲ್ಲಿದೆ. ಯಾವ ಊರೆಂದು ಹೇಳಿದರೆ ಹುಡುಕಾಟದ ಸುಖ ಹೋಗುತ್ತದೆ, ಹೇಳುವುದಿಲ್ಲ. ಆ ಊರಿನ ಜನ ವಿಕಿರಣದಿಂದ ಚರ್ಮ ಸುಲಿದು, ನೋಡಲು ಭಯಂಕರವಾಗಿದ್ದಾರೆ. ಅವರಿಗೂ ಕುಡಿಯುವ ನೀರು ಸಿಗುತ್ತಿರುವುದು ಆ ಬಿಲ್ಲೆಯಿಂದಲೇ. ಅವರ ಹಳೆಯ ಪಂಪು ಕೆಟ್ಟು ಮೂಲೆಯಲ್ಲಿ ಬಿದ್ದಿದೆ. ನೀವು ಬಿಲ್ಲೆಯನ್ನು ಕಿತ್ತುಕೊಂಡು ಓಡಬಹುದು, ಆಟ ತಡೆಯುವುದಿಲ್ಲ. ನಿಮ್ಮವರು ಬದುಕುತ್ತಾರೆ, ಅವರು ಬಾಯಾರಿ ಸಾಯುತ್ತಾರೆ. ಇಲ್ಲವೆ, ಮೊದಲು ಅವರನ್ನು ಮಾತನಾಡಿಸಿ, ಊರಡಿಯ ಚರಂಡಿಯಲ್ಲಿ ಹುಡುಕಿ ಬಿಡಿಭಾಗಗಳನ್ನು ತಂದು, ಪಂಪನ್ನು ರಿಪೇರಿ ಮಾಡಿ, ಆಮೇಲೆ ಬಿಲ್ಲೆಯನ್ನು ತೆಗೆದುಕೊಳ್ಳಬಹುದು. ಇದಕ್ಕೆ ತಗಲುವುದು ಸ್ವಲ್ಪ ಹೊತ್ತು, ಸ್ವಲ್ಪ ದುರ್ವಾಸನೆ, ಅಷ್ಟೆ. ಆದರೆ ಯಾರೊಡನೆಯೂ ಮಾತನಾಡದೆ ಬಂದೂಕು ಹಿಡಿದು ನುಗ್ಗಿದವನಿಗೆ ಅಲ್ಲೊಂದು ಪಂಪು ಇತ್ತೆಂಬುದೇ ತಿಳಿಯುವುದಿಲ್ಲ. ಗೆದ್ದೆನೆಂದುಕೊಂಡು ಅವನು ಮನೆಗೆ ಹೋಗುತ್ತಾನೆ.

ಇದನ್ನು ಆಡುವಾಗ ನನಗೆ ಅರ್ಕಾವತಿಯ ನೆನಪು ಬಾರದಿರುವುದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ಹಾದು ಹೋಗುವ ನದಿ ಅದು. ಹೆಸರಘಟ್ಟದ ಕೆರೆಯಲ್ಲಿ ನಿಂತ ಅದರ ನೀರು 1890ರ ದಶಕದಲ್ಲಿ ಕೊಳವೆಗಳ ಮೂಲಕ ಬೆಂಗಳೂರಿಗೆ ಹೋಯಿತು. ಅದೂ ಸಾಲದಾದಾಗ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಇನ್ನೊಂದು ಜಲಾಶಯವಾಯಿತು. ನಗರ ನೀರು ಕುಡಿದದ್ದು ತಪ್ಪೆಂದು ಯಾರೂ ಹೇಳಲಾರರು; ಬಾಯಾರಿದವರಿಗೆ ನೀರು ಬೇಕು. ಆದರೆ ನದಿಗೆ ನೀರು ಕೊಡುತ್ತಿದ್ದ ಕೆರೆಗಳಲ್ಲಿ ಹೂಳು ತುಂಬಿತು, ಕಾಲುವೆಗಳು ಮುಚ್ಚಿದವು, ಅಂತರ್ಜಲ ಪಾತಾಳಕ್ಕೆ ಇಳಿಯಿತು. ಇಂದು ಬೆಂಗಳೂರು ಕಾವೇರಿಯ ನೀರನ್ನು ಕುಡಿಯುತ್ತದೆ. ಅರ್ಕಾವತಿ ನಮ್ಮ ಕಡೆ ಒಳ್ಳೆಯ ಮಳೆ ಬಂದ ವರ್ಷ ಮಾತ್ರ ನದಿ. ಬಿಲ್ಲೆ ಹೋಯಿತು, ಪಂಪಿನ ರಿಪೇರಿ ಬಾಕಿ ಉಳಿಯಿತು. ನಮ್ಮನಮ್ಮ ಹೊಲಗಳಲ್ಲಿಯೂ ನಡೆಯುವುದು ಇದೇ ಅಲ್ಲವೆ? ಪಕ್ಕದವನ ಬಾವಿಗಿಂತ ನೂರಡಿ ಆಳಕ್ಕೆ ಕೊರೆಸಿ ನೀರು ಬಂದ ದಿನ ನಾವು ತೆಂಗಿನಕಾಯಿ ಒಡೆಯುತ್ತೇವೆ. ಪಕ್ಕದವನ ಮೋಟಾರು ಗಾಳಿ ಎಳೆಯತೊಡಗಿದ್ದು ನಮ್ಮ ಕಿವಿಗೆ ಬೀಳುವುದಿಲ್ಲ.

ಮೊದಲ ಭಾಗ ಮುಗಿಸಿದ ಮೇಲೆ ಎರಡನೆಯದಕ್ಕೆ ಹೋಗಿ, ಮೊದಲೇ ಬೇಡ. ಅದು 2241ರ ಕಥೆ. ಅರೋಯೊ ಎಂಬ ಹಳ್ಳಿಗೆ ಬರ ಬಂದು ಬೆಳೆ ಒಣಗಿ, ಊರವರು ತಮ್ಮಲ್ಲಿ ಒಬ್ಬರನ್ನು ಲೋಕಕ್ಕೆ ಕಳಿಸುತ್ತಾರೆ. ದಿನದ ಗಡುವಿನ ಕಾಟ ಅಲ್ಲಿಲ್ಲ, ಆದರೆ ಆರಂಭ ಕಠಿನ: ಬಂದೂಕಿಲ್ಲದೆ ಈಟಿಯೊಂದನ್ನು ಹಿಡಿದು ಗುಡಿಯೊಂದರ ಪರೀಕ್ಷೆಯನ್ನು ದಾಟಬೇಕು. ಕೊನೆಯ ಬಾಗಿಲಲ್ಲಿ ಸ್ವಂತ ಊರಿನವನೇ ಕಾಳಗಕ್ಕೆ ನಿಂತಿರುತ್ತಾನೆ. ಮಾತುಗಾರಿಕೆಗೆ ಗುರುತು ಹಾಕಿದ್ದರೆ, ಒಂದೇ ಊರಿನವರು ಏಕೆ ಹೊಡೆದಾಡಬೇಕೆಂದು ಅವನನ್ನು ಒಪ್ಪಿಸಿ ದಾಟಬಹುದು.

ಮೊದಲ ಭಾಗದ ಕೊನೆಯನ್ನು ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಹೊರಗೆ ಹೋದವನು ಹೋದಂತೆಯೇ ಹಿಂದಿರುಗುವುದಿಲ್ಲ, ಒಳಗೆ ಉಳಿದವರಿಗೆ ಅವನ ಗುರುತು ಹತ್ತುವುದು ಕಷ್ಟವಾಗುತ್ತದೆ. ಮನೆಯಿಂದ ಮೊದಲು ಹೊರಬಿದ್ದು ಓದಿದ ನಮಗೆ ಈ ಸಂಗತಿ ಈಗಾಗಲೇ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ. ಅಮ್ಮನ ಜೊತೆ ಮಾತನಾಡುತ್ತ ನಡುವೆ ಒಂದು ಇಂಗ್ಲಿಷ್ ಪದ ಬಂದು, ಅವಳು ಸುಮ್ಮನಾದಾಗ ತಿಳಿಯುತ್ತದೆ. ಆದರೂ ನಮ್ಮನ್ನು ಕಳಿಸಿದವರು ಅವರೇ. ತಮ್ಮ ಪಾಲಿನ ಅಂಕಗಳನ್ನು ಕಿತ್ತು ನಮ್ಮ ಖಾತೆಗೆ ಹಾಕಿ ಕಳಿಸಿದವರು.

ಪರೀಕ್ಷೆ ಹತ್ತಿರ ಬಂದಿದೆ. ಆಟ ಆರಂಭಿಸುವವರು ದಯವಿಟ್ಟು ಪರೀಕ್ಷೆ ಮುಗಿದ ಮೇಲೆ ಆರಂಭಿಸಿ. ಅಂಕಗಳನ್ನು ಎಲ್ಲ ಕಡೆ ಚೆಲ್ಲಬೇಡಿ, ಹಗ್ಗವನ್ನು ಮರೆಯಬೇಡಿ, ಬಂದೂಕು ಎತ್ತುವ ಮೊದಲು ಬಾಯಿ ತೆರೆಯಿರಿ. ನಿಮ್ಮವರಿಗೆ ನೀರು ತರುವುದು ಸರಿಯೇ. ತರುವ ಮುನ್ನ ಆ ಊರಿನ ಪಂಪನ್ನು ಒಮ್ಮೆ ನೋಡಿ ಬನ್ನಿ.